ತಂಗಿಗೂ ಬೇಕಂತೆ ತೌಡಿನ ಮಾತು

ಗೆಳೆಯರೇ, ಇವತ್ತು ಕಮಲಾಪುರದ ಕಾಕಾನ ಮನೆಯಲ್ಲಿ ಪಿಯುಸಿ ಓದುವ ನನ್ನ ತಂಗಿ ಊಟದ ತಾಟು ಸರಿಸಿ ಜಗಳಕ್ಕೇ ಕೂತಳು.

ಕಾಕಾ ತನ್ನ ಪುಟ್ಟ ಮಗನನ್ನು, "ನೀ ನಮ್ಮ ಹುಡುಗ ಅಲ್ಲಲೇ, ಸಂತ್ಯಾಗ ತೌಡು ಕೊಟ್ಟು ತಂದೀವಿ" ಎಂದು ಕಾಡಿಸುತ್ತಿದ್ದ. ತಂಗಿಯ ಮೇಲೆ ಕಣ್ಣು ಬಿದ್ದದ್ದೇ ನಾಲಿಗೆ ಕಚ್ಚಿಕೊಂಡ. ಅವಳನ್ನು ನಾವು ದತ್ತು ತಂದದ್ದು. ಅದು ಅವಳಿಗೂ ಗೊತ್ತು, ಊರಿಗೂ ಗೊತ್ತು.

"ಕಾಕಾ, ಎಲ್ಲಾ ಹುಡುಗರಿಗೂ ಹಂಗ ಅಂತೀ. ನನಗ್ಯಾಕ ಒಮ್ಮೀನೂ ಅಂದಿಲ್ಲ? ನಾ ಏನು ಈ ಮನಿಗಿ ಬೀಗರೇನು?"

ಕಾಕಾ ನನ್ನ ಕಡೆ ನೋಡಿದ. ತಂಗಿಯ ಕಣ್ಣು ತುಂಬಿತ್ತು. ನಾನೇ ಬಾಯಿ ಹಾಕಿದೆ: "ನಿನ್ನ ಸಲುವಾಗಿ ತೌಡು ಯಾಕ ಹಾಳ ಮಾಡೂಣು? ಈ ಊರಿನ ಕೊಳತ ಕೆಂಪು ಬಾಳಿಹಣ್ಣು ಕೊಟ್ಟು ತಂದೀವಿ."

"ಅಕ್ಕಾ!" ಎಂದು ಬೆನ್ನಿಗೆ ಗುದ್ದಿದಳು. ನಗುತ್ತ ತಾಟು ಮತ್ತೆ ಎಳೆದುಕೊಂಡಳು. ಕಾಕಾನಿಗೂ ಧೈರ್ಯ ಬಂತು: "ಏ, ಹಣ್ಣೆಲ್ಲಿ? ಬರೇ ಸಿಪ್ಪಿ ಕೊಟ್ಟಿದ್ವಿ!"

ಈಗ ಕಲಬುರಗಿಯ ಬಸ್ಸಿನಲ್ಲಿ ಕಿಟಕಿ ಸೀಟು ಕಿತ್ತುಕೊಂಡು, ಕಾಕಾ ಕಟ್ಟಿಕೊಟ್ಟ ಕೆಂಪು ಬಾಳೆಹಣ್ಣೆಲ್ಲ ತಾನೇ ತಿಂದು, ನನ್ನ ಹೆಗಲ ಮೇಲೆ ಮಲಗಿದ್ದಾಳೆ. ಸಿಪ್ಪೆ ಕೊಟ್ಟದ್ದೂ ಜಾಸ್ತಿಯೇ ಆಯಿತು. ಆದರೆ ಯಾರಾದರೂ ಇವಳನ್ನು ವಾಪಸ್ ಕೇಳಿ ನೋಡಲಿ!