ಸೊನ್ನೆ ನಂಬರಿನ ಗಾಡಿ

ಬಸ್ ಡಿಪೊದ ಆಫೀಸಿನಲ್ಲಿ ಅವಳ ಹುದ್ದೆಯ ಹೆಸರು ಬಹಳ ಉದ್ದವಾಗಿತ್ತು. ಅದನ್ನು ಪೂರ್ತಿ ಹೇಳುವಷ್ಟು ವ್ಯವಧಾನ ಯಾರಿಗೂ ಇಲ್ಲದ್ದರಿಂದ ಡ್ರೈವರುಗಳೂ ಕಂಡಕ್ಟರುಗಳೂ ಅವಳನ್ನು ಕಂಪ್ಯೂಟರಕ್ಕ ಎಂದೇ ಕರೆಯುತ್ತಿದ್ದರು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಕಂಪ್ಯೂಟರಕ್ಕ, ಗೋಡೆ ಗಡಿಯಾರ ನಿಂತರೂ ಕಂಪ್ಯೂಟರಕ್ಕ. ಅವಳ ಗಂಡ ಅದೇ ಡಿಪೊದಲ್ಲಿ ಡ್ರೈವರ್. ಹೀಗಾಗಿ ಅವನು ಯಾವ ದಿನ ಯಾವ ಬಸ್ಸು ಓಡಿಸಬೇಕೆಂದು ಹೇಳುವ ಡ್ಯೂಟಿ ಪಟ್ಟಿ ಹೆಂಡತಿಯ ಕೈಯಿಂದಲೇ ಬರುತ್ತಿತ್ತು. ಮನೆಯಲ್ಲೂ ಹಾಗೇ ಎಂದು ಅತ್ತೆ ಆಗಾಗ ಗೊಣಗುವುದಿತ್ತು.

ಆ ಪಟ್ಟಿ ತಯಾರಿಸುವ ಪ್ರೋಗ್ರಾಂ ಬಹಳ ಹಳೆಯದು. ಎಂದೋ ನಿವೃತ್ತರಾದ ಅಧಿಕಾರಿಯೊಬ್ಬರು ಅದನ್ನು ಬರೆದಿದ್ದರು. ಬರೆದ ಭಾಷೆಯೂ ಅವರ ಹಿಂದೆಯೇ ನಿವೃತ್ತವಾಗಿತ್ತು. ಆ ಕಂಪ್ಯೂಟರ್ ಭಾಷೆ ಬಲ್ಲವರಲ್ಲಿ ಅರ್ಧ ಜನ ಈಗ ಇರಲಿಲ್ಲ, ಉಳಿದರ್ಧ ಜನ ಬಲ್ಲೆವೆಂದು ಒಪ್ಪಿಕೊಳ್ಳುತ್ತಿರಲಿಲ್ಲ. ನಾಳೆ ಪ್ರೋಗ್ರಾಂ ಕೆಟ್ಟರೆ ಸರಿಪಡಿಸುವವರೇ ಇಲ್ಲವೆಂದು ಕಂಪ್ಯೂಟರಕ್ಕ ಹುಡುಕೀ ಹುಡುಕೀ ಒಂದು ದಾರಿ ಕಂಡುಕೊಂಡಳು. ಯಾರೋ ಒಬ್ಬ ಪ್ರೊಫೆಸರು ಒಂದು ಅನುವಾದಕ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟಿದ್ದರು. ಹಳೆಯ ಭಾಷೆಯ ಪ್ರೋಗ್ರಾಂ ಅದರೊಳಗೆ ಹಾಕಿದರೆ ಹೊಸ ಭಾಷೆಯದು ಹೊರಗೆ ಬರುತ್ತದೆ. ತೊಡಕು ಒಂದೇ: ಪ್ರೊಫೆಸರು ಕೊಟ್ಟದ್ದು ಮೂಲ ಬರಹ ಮಾತ್ರ. ಅದನ್ನು ಒಂದೊಂದು ಕಂಪ್ಯೂಟರಿನಲ್ಲೂ ಆ ಕಂಪ್ಯೂಟರಿನದೇ ಸಲಕರಣೆಯಿಂದ ಬೇರೆಬೇರೆಯಾಗಿ ಕಟ್ಟಿಕೊಳ್ಳಬೇಕು.

"ಹೊಲಿದ ಬಟ್ಟೆ ಕೊಟ್ಟಿಲ್ಲ ಅತ್ತೆ, ಬರೀ ಬಟ್ಟೆ ಕೊಟ್ಟಿದಾರೆ. ಒಬ್ಬೊಬ್ಬರ ಅಳತೆಗೆ ನಾವೇ ಹೊಲ್ಕೋಬೇಕು," ಎಂದು ಅವಳು ಮನೆಯಲ್ಲಿ ವಿವರಿಸಿದಳು.

"ಪುಕ್ಕಟೆ ಕೊಡೋನು ಗುಂಡಿನೂ ಹಚ್ಚಿ ಕೊಡ್ತಾನೇನೇ?" ಎಂದರು ಅತ್ತೆ.

ಡಿಪೊದ ಮುಖ್ಯಸ್ಥರನ್ನು ಎಲ್ಲರೂ ದೊಡ್ಡ ಸಾಹೇಬರು ಎನ್ನುತ್ತಿದ್ದರು. ಅವರು ಅವಳ ಕೋರಿಕೆಗೆ ಒಪ್ಪಿಗೆ ಕೊಟ್ಟು, "ಡಿಪೊದ ಎಲ್ಲ ಕಂಪ್ಯೂಟರುಗಳಲ್ಲೂ ಭೇದವಿಲ್ಲದೆ ಕಟ್ಟತಕ್ಕದ್ದು" ಎಂದು ಷರಾ ಬರೆದರು. ಕಟ್ಟತಕ್ಕದ್ದು ಎಂಬ ಮಾತು ಕಂಡ ಗುಮಾಸ್ತ ಕಡತವನ್ನು ನೇರ ಕಟ್ಟಡ ವಿಭಾಗಕ್ಕೆ ಕಳಿಸಿದ. ಮರುದಿನ ಅಲ್ಲಿಯ ಇಂಜಿನಿಯರು ಅಳತೆ ಟೇಪು ಹಿಡಿದುಕೊಂಡು ಅವಳ ಮೇಜಿನ ಮುಂದೆ ಬಂದು ನಿಂತರು.

"ಎಲ್ಲಿ ಕಟ್ತೀರಿ ಮೇಡಂ? ಜಾಗ ತೋರ್ಸಿ."

"ಕಂಪ್ಯೂಟರ್ ಒಳಗೆ ಸರ್."

ಇಂಜಿನಿಯರು ಕಂಪ್ಯೂಟರನ್ನು ಒಂದು ಸುತ್ತು ಹಾಕಿ ನೋಡಿದರು. "ಒಳಗಿಂದಾದ್ರೆ ನಮ್ಮ ವ್ಯಾಪ್ತಿಗೆ ಬರಲ್ಲ, ವಿದ್ಯುತ್ ವಿಭಾಗದವರ್ನ ಕೇಳಿ," ಎಂದು ಕೈತೊಳೆದುಕೊಂಡು ಹೋದರು. ವಿದ್ಯುತ್ ವಿಭಾಗದವರು ತಮ್ಮ ಆಕ್ಷೇಪಣೆಯೇನೂ ಇಲ್ಲವೆಂದು ಬರೆದುಕೊಟ್ಟರು. ಅವರನ್ನು ಯಾರೂ ಕೇಳಿರಲೇ ಇಲ್ಲ.

ಡಿಪೊದಲ್ಲಿ ಇದ್ದದ್ದು ಮೂರು ಕಂಪ್ಯೂಟರು, ಮೂರೂ ಮೂರು ಜಾತಿಯವು. ಮೊದಲನೆಯದು ಉಗ್ರಾಣದ ಮೂಲೆಯಲ್ಲಿ ಹಳೆಯ ಟೈರುಗಳ ಪಕ್ಕ ಗೊರಗುಟ್ಟುತ್ತಿತ್ತು. ಅದಕ್ಕೆ ಅನುವಾದಕ ಕಟ್ಟಲು ಹೊರಟರೆ, ಬೇಕಾದ ಒಂದು ಸಲಕರಣೆ ಇಲ್ಲ ಎಂದಿತು. ಅದನ್ನು ತಂದುಕೊಟ್ಟರೆ, ಇದು ತೀರಾ ಹೊಸದಾಯಿತು, ನನಗೆ ಆಗಿಬರುವುದಿಲ್ಲ ಎಂದಿತು. ಹಳೆಯದನ್ನು ಹುಡುಕಿ ತಂದರೆ ಆ ಹಳೆಯದಕ್ಕೆ ಇನ್ನೂ ಹಳೆಯದೊಂದು ಬೇಕಾಗಿತ್ತು. ಎರಡನೆಯದು ಬಸ್ಸು ಹೊರಡಿಸಿ ಹಾಜರಿ ಹಾಕುವ ಕಂಟ್ರೋಲರ ಮೇಜಿನದು. ಯಾವ ಫೈಲು ಎಲ್ಲಿದೆಯೆಂದು ದಾರಿ ಹೇಳುವ ಓರೆಗೆರೆ ಪ್ರೊಫೆಸರ ಬರಹದಲ್ಲಿ ಒಂದು ಕಡೆಗೆ ವಾಲಿತ್ತು. ಇದಕ್ಕೆ ಮತ್ತೊಂದು ಕಡೆಗೇ ವಾಲಬೇಕು. ಇಷ್ಟು ಸಣ್ಣ ವಿಷಯಕ್ಕೆ ಅದು ಪರದೆ ತುಂಬ ಕೆಂಪು ಸಾಲು ಕಾರಿಕೊಂಡು ಮುಷ್ಕರ ಹೂಡಿತು. ಕಂಪ್ಯೂಟರಕ್ಕ ಹಲ್ಲು ಕಚ್ಚಿಕೊಂಡು ಒಂದೊಂದೇ ಗೆರೆ ಹಿಡಿದು ತಿರುಗಿಸಿದಳು.

ಮೂರನೆಯದು ದೊಡ್ಡ ಸಾಹೇಬರದು. ಬೆಳ್ಳಿ ಬಣ್ಣ, ತಟ್ಟೆಯಷ್ಟು ತೆಳು. ಸಾಹೇಬರು ಅದರಲ್ಲಿ ಮೊಮ್ಮಗಳ ಫೋಟೋ ನೋಡುವುದು ಬಿಟ್ಟರೆ ಇನ್ನೇನೂ ಮಾಡಿದ್ದನ್ನು ಕಂಡವರಿಲ್ಲ. ಆ ಯಂತ್ರ ಅವಳನ್ನು ಕಂಡು ಮೂಗು ಮುರಿಯಿತು. ಇದನ್ನು ಬರೆದವರ ಗುರುತು ಪರಿಚಯ ತನಗಿಲ್ಲ, ಯಜಮಾನರು ಗುಪ್ತಪದ ಕೊಟ್ಟರೆ ಮಾತ್ರ ಮುಂದಿನ ಮಾತು ಎಂದಿತು. ಸಾಹೇಬರಿಗೆ ಗುಪ್ತಪದ ನೆನಪಿರಲಿಲ್ಲ. ಮಗಳಿಗೆ ಫೋನ್ ಮಾಡಿ ಕೇಳಿ, ಇಡೀ ಆಫೀಸಿಗೆ ಕೇಳಿಸುವಂತೆ ಅದನ್ನು ಅಕ್ಷರ ಅಕ್ಷರವಾಗಿ ಹೇಳುತ್ತ ಒತ್ತಿದರು. ಅಂದಿನಿಂದ ಅದು ಗುಪ್ತಪದವಾಗಿ ಉಳಿಯಲಿಲ್ಲ.

ಅಂತೂ ಮೂರರಲ್ಲೂ ಅನುವಾದಕ ಎದ್ದು ನಿಂತಿತು. ಹಳೆಯ ಪ್ರೋಗ್ರಾಂ ಹೊಸ ಭಾಷೆಗೆ ತಿರುಗಿತು, ಒಂದೂ ಕೆಂಪು ಸಾಲಿಲ್ಲದೆ ಓಡಿತು. ಕಂಪ್ಯೂಟರಕ್ಕನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮನೆಗೆ ಹೋಗುತ್ತ ಅಂಗಡಿಯಿಂದ ಸಿಹಿ ಕಟ್ಟಿಸಿಕೊಂಡು ಹೋದಳು. ಮೂರೂ ಕಂಪ್ಯೂಟರುಗಳು ಒಂದೇ ಪಟ್ಟಿ ಕೊಡುತ್ತವೆಯೋ ಎಂದು ಪಕ್ಕಪಕ್ಕ ಇಟ್ಟು ನೋಡಬೇಕೆಂಬುದು ಅವಳಿಗೆ ಹೊಳೆಯಲಿಲ್ಲ. ಓಡಿತಲ್ಲ, ಸಾಕು. ಅತ್ತ ದೊಡ್ಡ ಸಾಹೇಬರು, ಇನ್ನು ಮುಂದೆ ತಮ್ಮ ಕಂಪ್ಯೂಟರಿನಿಂದ ಬಂದ ಪಟ್ಟಿಯನ್ನೇ ಗೋಡೆಗೆ ಹಚ್ಚಬೇಕೆಂದು ಅಪ್ಪಣೆ ಕೊಡಿಸಿದರು. ಬೆಲೆಬಾಳುವ ಯಂತ್ರ ಹೇಳಿದ್ದಕ್ಕೆ ತೂಕ ಹೆಚ್ಚು ಎಂಬುದು ಅವರ ನಂಬಿಕೆ.

ಮರುದಿನ ಗಂಡನಿಗೆ ವಾರದ ರಜೆ. ಆದರೆ ಗೋಡೆಯ ಪಟ್ಟಿಯಲ್ಲಿ ಅವನ ಹೆಸರಿನ ಮುಂದೆ ಸೊನ್ನೆ ನಂಬರಿನ ಗಾಡಿ ಎಂದಿತ್ತು.

"ನೋಡೇ, ಇದೇನೋ ಎಡವಟ್ಟಾಗಿದೆ. ಸೊನ್ನೆ ಅಂದ್ರೆ ಕೆಟ್ಟ ಬಸ್ಸು ಎಳ್ಕೊಂಡು ಬರೋ ಗಾಡಿ. ಅದಕ್ಕೆ ಬೇರೆ ಡ್ರೈವರ್ ಇದಾನಲ್ಲ," ಎಂದನು ಅವನು ಆ ರಾತ್ರಿ ಮನೆಯಲ್ಲಿ.

"ರೀ, ನನ್ನ ಕೈಯಾರೆ ಕಟ್ಟಿರೋದು ಅದು. ಪಟ್ಟಿ ಹೇಳಿದ್ಮೇಲೆ ಏನೋ ಕಾರಣ ಇರುತ್ತೆ. ಸುಮ್ನೆ ಹೋಗಿಬನ್ನಿ," ಎಂದಳು ಅವಳು.

ಅವನು ಬೆಳಗ್ಗೆ ಸಮವಸ್ತ್ರ ತೊಟ್ಟು ಹೊರಟ. ಕಂಪ್ಯೂಟರಕ್ಕ ಆಮೇಲೆ ಡಿಪೊಗೆ ಬಂದಾಗ ಅಂಗಳದ ಮೂಲೆಯಲ್ಲಿ ದೊಡ್ಡ ಗುಂಪು. ಅಂದು ರಜೆಯಿದ್ದ ಡ್ರೈವರುಗಳು ಒಬ್ಬರೂ ಬಿಡದಂತೆ ಅದೊಂದು ಎಳೆಯುವ ಗಾಡಿಯ ಸುತ್ತ ನಿಂತಿದ್ದರು. ಎಲ್ಲರ ಹೆಸರಿನ ಮುಂದೆಯೂ ಸೊನ್ನೆ. ಗಾಡಿಗೆ ಇದ್ದದ್ದು ಒಂದೇ ಸೀಟು, ಮುಂದಿನ ಚಕ್ರದಲ್ಲಿ ಗಾಳಿಯೂ ಇರಲಿಲ್ಲ. ಕಂಟ್ರೋಲರು ನಿಯಮ ಬಿಟ್ಟು ಕದಲುವ ಮನುಷ್ಯನಲ್ಲ. ಎಲ್ಲರಿಗೂ ಹಾಜರಿ ಹಾಕಿ, "ಪಟ್ಟೀಲಿ ಇದೆ ಅಂದ್ಮೇಲೆ ಡ್ಯೂಟಿ ಮಾಡ್ಲೇಬೇಕು. ಒಬ್ಬರಾದ ಮೇಲೆ ಒಬ್ಬರು ಸ್ಟೇರಿಂಗ್ ಹಿಡ್ಕೊಂಡು ಇಳೀರಿ," ಎನ್ನುತ್ತಿದ್ದರು. ನಿಂತ ಗಾಡಿಯಲ್ಲಿ ಅವಳ ಗಂಡ ಸ್ಟೇರಿಂಗ್ ಹಿಡಿದು ಕೂತಿದ್ದ. ಹೆಂಡತಿಯನ್ನು ಕಂಡು ಹಾರ್ನ್ ಒತ್ತಿದ. ಅದೂ ಕೆಟ್ಟಿತ್ತು.

"ಅಕ್ಕಾ, ಏನೋ ಕಾರಣ ಇದೆಯಂತಲ್ಲ, ನಮಗೂ ಸ್ವಲ್ಪ ಹೇಳಿ," ಎಂದ ಒಬ್ಬ ಡ್ರೈವರು. ಸುತ್ತಲಿದ್ದವರು ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಎಷ್ಟೋ ವಾಸಿಯೆನಿಸುತ್ತಿತ್ತು.

ಅವಳು ಉಗ್ರಾಣಕ್ಕೆ ಓಡಿ ಹಳೆಯ ಕಂಪ್ಯೂಟರಿನ ಪಟ್ಟಿ ತೆಗೆದಳು. ಅದರಲ್ಲಿ ರಜೆಯವರ ಮುಂದಿನ ಜಾಗ ಖಾಲಿ. ಕಂಟ್ರೋಲರ ಯಂತ್ರದಲ್ಲೂ ಖಾಲಿ. ಖಾಲಿ ಇದ್ದರೆ ಏನೆಂದು ತಿಳಿಯಬೇಕೆಂಬುದನ್ನು ಪ್ರೊಫೆಸರು ಬರೆದೇ ಇರಲಿಲ್ಲ. ಎರಡು ಯಂತ್ರಗಳು ಖಾಲಿಯನ್ನು ಖಾಲಿಯೆಂದೇ ಬಿಟ್ಟಿದ್ದವು. ಸಾಹೇಬರ ಯಂತ್ರಕ್ಕೆ ಮಾತ್ರ ಏನನ್ನೂ ಖಾಲಿ ಬಿಡುವುದು ಸರಿಕಾಣದೆ ಅಲ್ಲೆಲ್ಲ ಒಂದೊಂದು ಸೊನ್ನೆ ಕೂರಿಸಿತ್ತು.

ಮೂಲ ಬರಹಕ್ಕೆ ಒಂದು ಸಾಲು ಸೇರಿಸಿ ಅವಳು ಮೂರು ಕಡೆಯೂ ಮತ್ತೆ ಕಟ್ಟಿದಳು. ಈ ಸಲ ಮೂರು ಪಟ್ಟಿಯನ್ನೂ ಪಕ್ಕಪಕ್ಕ ಹರಡಿಕೊಂಡು ಹೆಸರು ಹೆಸರಿಗೂ ಬೆರಳಿಟ್ಟು ನೋಡಿದಳು. ಆಮೇಲೆ ನೇರ ಸಾಹೇಬರ ಕೋಣೆಗೆ ಹೋದಳು.

"ತಪ್ಪು ನಂದೇ ಸರ್. ಓಡುತ್ತಾ ಅಂತ ನೋಡಿದೆ, ಮೂರೂ ಒಂದೇ ಹೇಳುತ್ತಾ ಅಂತ ನೋಡ್ಲಿಲ್ಲ. ಪಾಪ, ಅಷ್ಟೂ ಜನರ ರಜೆ ಹಾಳಾಯ್ತು. ಬೇರೆ ದಿನ ಕೊಡ್ಬೇಕು."

"ಛೆ ಛೆ, ಹಾಗೆಲ್ಲ ಒಬ್ಬರೇ ತಪ್ಪು ಒಪ್ಕೋಬಾರ್ದು ಮೇಡಂ," ಎಂದರು ಸಾಹೇಬರು ಗಾಬರಿಯಾಗಿ. "ನಿಮ್ದು ತಪ್ಪು ಅಂತಾದ್ರೆ ಷರಾ ಬರೆದವನ್ದೂ ತಪ್ಪಾಗುತ್ತೆ. ಒಂದು ಸಮಿತಿ ಮಾಡೋಣ."

ಸಮಿತಿಯಲ್ಲಿ ಸಾಹೇಬರು, ಕಂಟ್ರೋಲರು ಮತ್ತು ಒಳಗಿನದು ತನ್ನ ವ್ಯಾಪ್ತಿಯದಲ್ಲ ಎಂದಿದ್ದ ಇಂಜಿನಿಯರು ಇದ್ದರು. ಅಂದು ನಡೆದದ್ದು ತಪ್ಪೇ ಅಲ್ಲ, ಬಸ್ಸುಗಳು ಕೆಟ್ಟು ನಿಂತರೆ ಸಿಬ್ಬಂದಿ ಎಷ್ಟು ಬೇಗ ಸೇರುತ್ತಾರೆಂದು ಪರೀಕ್ಷಿಸಲು ಡಿಪೊ ಹಮ್ಮಿಕೊಂಡ ಅಣಕು ತಾಲೀಮು ಎಂದು ಅವರು ವರದಿ ಬರೆದರು. ಎಲ್ಲರೂ ವೇಳೆಗೆ ಸರಿಯಾಗಿ ಸೇರಿದ್ದರಿಂದ ತಾಲೀಮು ಯಶಸ್ವಿಯಾಗಿತ್ತು. ತಾಲೀಮಿನಲ್ಲಿ ಭಾಗವಹಿಸಿದವರಿಗೆ ಬದಲಿ ರಜೆ ಕೊಡಬಹುದೆಂಬ ಸಾಲನ್ನು ಕಂಪ್ಯೂಟರಕ್ಕ ಕಾಡಿ ಬೇಡಿ ಹಾಕಿಸಿದಳು. ಸಾಹೇಬರಿಗೆ ಪ್ರಧಾನ ಕಚೇರಿಯಿಂದ ಮೆಚ್ಚುಗೆಯ ಮಾತು ಬಂತು. ಅದರ ಬೆನ್ನಿಗೇ, ಎಲ್ಲ ಡಿಪೊಗಳಲ್ಲೂ ವರ್ಷಕ್ಕೊಂದು ಸಲ ಇಂಥ ತಾಲೀಮು ನಡೆಸಬೇಕೆಂಬ ಆಜ್ಞೆಯೂ ಬಂತು.

ಸಾಹೇಬರು ಅವಳನ್ನು ಕರೆಸಿದರು. "ಮೇಡಂ, ಮೊದಲು ಕಟ್ಟಿದ್ರಲ್ಲ, ಸೊನ್ನೆ ಬರೋದು, ಅದನ್ನೇ ಇನ್ನೊಂದ್ಸಲ ಕಟ್ಟಿಕೊಡಿ. ಆ ದಿನಕ್ಕೆ ಮಾತ್ರ."

ಅದನ್ನು ಕಟ್ಟುವುದು ಅವಳಿಗೆ ಚಿಟಿಕೆ ಹೊಡೆಯುವಷ್ಟರ ಕೆಲಸ. ಸೇರಿಸಿದ ಸಾಲು ಅಳಿಸಿದರೆ ಆಯಿತು. ಸೇವೆಗೆ ಸೇರಿದಂದಿನಿಂದ ಯಂತ್ರದ ವಿಷಯದಲ್ಲಿ ಅವಳು ಒಂದೂ ಸುಳ್ಳು ಹೇಳಿದವಳಲ್ಲ. ಕಿಟಕಿಯಾಚೆ ಅಂಗಳದಲ್ಲಿ ಡ್ರೈವರುಗಳು ಬಸ್ಸಿನ ಗಾಜು ಒರೆಸುತ್ತಿದ್ದರು.

"ಆಗಲ್ಲ ಸರ್," ಎಂದಳು. "ಪ್ರೊಫೆಸರು ಅದನ್ನ ಮೂಲದಿಂದ್ಲೇ ತೆಗೆದುಬಿಟ್ಟಿದಾರೆ."

"ಮೂಲದಲ್ಲೇ ಇಲ್ವಾ? ಹಾಗಾದ್ರೆ ಏನೂ ಮಾಡಕ್ಕಾಗಲ್ಲ ಬಿಡಿ," ಎಂದು ಸಾಹೇಬರು ನಿಟ್ಟುಸಿರು ಬಿಟ್ಟು, ತಾಲೀಮಿನ ಪಟ್ಟಿಯನ್ನು ಕೈಯಲ್ಲೇ ಬರೆಯಲು ಕಂಟ್ರೋಲರಿಗೆ ಹೇಳಿ ಕಳಿಸಿದರು. ಕಂಟ್ರೋಲರು ಬರೆಯಲು ಕೂತವರು ಇನ್ನೂ ತಲೆಬರಹದ ವಿಷಯದಲ್ಲೇ ಪ್ರಧಾನ ಕಚೇರಿಯ ಸ್ಪಷ್ಟನೆ ಕಾಯುತ್ತಿದ್ದಾರೆ.