ಮೃದು ಮನಸ್ಸಿನ ಗುಮಾಸ್ತರು

ನೂಲಿನ ಗಿರಣಿಯ ಗುಮಾಸ್ತ ಇನ್ನಾಸಪ್ಪನವರಷ್ಟು ಮೃದು ಮನುಷ್ಯ ಮೈಸೂರಿನಲ್ಲೇ ಇಲ್ಲ. ಯಂತ್ರಕ್ಕೆ ಕೈ ಸಿಕ್ಕಿಸಿಕೊಂಡವರು ವರದಿ ಬರೆಸಲು ಬಂದರೆ ತಮ್ಮ ಕುರ್ಚಿಯನ್ನೇ ಬಿಟ್ಟುಕೊಡುತ್ತಾರೆ, ಕಾಫಿ ತರಿಸುತ್ತಾರೆ, ಗಾಯವಾದವರಿಗಿಂತ ಮೊದಲು ತಾವೇ ಕಣ್ಣೊರೆಸಿಕೊಳ್ಳುತ್ತಾರೆ. ಆಮೇಲೆ ಮುತ್ತಿನಂಥ ಅಕ್ಷರದಲ್ಲಿ ಎಲ್ಲರಿಗೂ ಬರೆಯುವುದನ್ನೇ ಬರೆಯುತ್ತಾರೆ: ‘ಸ್ವಂತ ಅಜಾಗ್ರತೆಯಿಂದ.’ ಅಷ್ಟು ಬರೆದರೆ ಗಿರಣಿ ಪರಿಹಾರ ಕೊಡಬೇಕಾಗಿಲ್ಲ. ಮೂರು ಬೆರಳು ಕಳೆದುಕೊಂಡ ಸವರಿಯಮ್ಮ, “ಚಕ್ರಕ್ಕೆ ಮುಚ್ಚಳವೇ ಇರ್ಲಿಲ್ಲ ಸ್ವಾಮಿ,” ಎಂದಳು. “ಗೊತ್ತು ಕಣಮ್ಮ. ಹೀಗೆ ಬರೆಯೋದು ಪದ್ಧತಿ.” “ನೀವೇ ಬರೆದ ಮೇಲೆ ತಪ್ಪು ನಂದೇ ಇರಬೇಕು ಬುಡಿ.” ಭಾನುವಾರ ಚರ್ಚಿನಲ್ಲಿ ಎಲ್ಲರೂ ಎದೆ ತಟ್ಟಿಕೊಂಡು ಪಾಪ ಒಪ್ಪಿಕೊಳ್ಳುವಾಗ, ಹೆಂಗಸರ ಸಾಲಿನಲ್ಲಿ ಅವಳು ಬಟ್ಟೆ ಸುತ್ತಿದ ಕೈಯಿಂದಲೇ ಎಲ್ಲರಿಗಿಂತ ಜೋರಾಗಿ ತಟ್ಟಿಕೊಂಡಳು; ಗಂಡಸರ ಸಾಲಿನಲ್ಲಿದ್ದ ಇನ್ನಾಸಪ್ಪನವರಿಗೆ ತಮ್ಮ ಎದೆ ತಟ್ಟಿಕೊಳ್ಳಲು ಕೈ ಎತ್ತಲಾಗಲಿಲ್ಲ.