ಬಿಲ್ ಕೌಂಟರಿನ ಅವಸರ

ನಮ್ಮೂರಿನ ಸದರ್ ಬಡಾವಣೆಯಲ್ಲಿ ರಿಯಾಯಿತಿ ದರದ ದೊಡ್ಡ ಅಂಗಡಿ ತೆರೆದ ಮೇಲೆ ನಾವು ದಿನಸಿಗೆ ಇತವಾರಿ ಪೇಟೆಗೆ ಹೋಗುವುದನ್ನು ಬಿಟ್ಟೆವು. ಇಲ್ಲಿ ಬೇಳೆ, ಎಣ್ಣೆ, ಸಾಬೂನು ಎಲ್ಲವೂ ಅಗ್ಗ. ಆದರೆ ಸಾಮಾನು ಕಟ್ಟಿಕೊಡುವವರಿಲ್ಲ. ಬಿಲ್ ಹಾಕುವ ಹುಡುಗಿ ಪೊಟ್ಟಣಗಳನ್ನು ಯಂತ್ರದ ಮುಂದೆ ಹಾಯಿಸಿ ಆಚೆ ತಳ್ಳುತ್ತಾಳೆ, ನಾವು ನಮ್ಮ ಚೀಲಕ್ಕೆ ತುಂಬಿಕೊಳ್ಳಬೇಕು. ಆಚೆಯ ಕಟ್ಟೆ ಮೊರದಷ್ಟೇ ಅಗಲ. ಅರ್ಧ ತುಂಬುವಷ್ಟರಲ್ಲಿ ಹಿಂದಿನವರ ಸಾಮಾನು ಬಂದು ನಮ್ಮದರ ಮೇಲೆ ಬೀಳುತ್ತದೆ. ಪಗಾರವಾದ ವಾರವಂತೂ ಹಿಂದಿನವರ ಟ್ರಾಲಿ ಸೊಂಟಕ್ಕೆ ಚುಚ್ಚುತ್ತಿರುತ್ತದೆ. ದುಡ್ಡು ಕೊಟ್ಟು ಕೊಂಡದ್ದನ್ನು ಕದ್ದವರ ಹಾಗೆ ಬಾಚಿಕೊಂಡು ಓಡಬೇಕು. ಬರೆಯುವಾಗ ಈಗಲೂ ಸಿಟ್ಟು ಬರುತ್ತದೆ.

ನನ್ನ ಗಂಡ ಬುಟಿಬೋರಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಈ ಅಂಗಡಿ ತೆರೆದ ವರ್ಷವೇ ಯಂತ್ರಕ್ಕೆ ಸಿಕ್ಕು ಅವರ ಎಡಗೈಯ ಮೂರು ಬೆರಳು ಹೋದವು. ಗಾಯ ಮಾಗಿತ್ತು, ಆದರೆ ಮನೆಯಿಂದ ಹೊರಬಿದ್ದರೆ ಆ ಕೈಯನ್ನು ಜೇಬಿನಿಂದ ತೆಗೆಯುತ್ತಿರಲಿಲ್ಲ. ರಜೆಯ ಮೇಲೆ ಕೂತು ಕೂತು ಬೇಸತ್ತಿದ್ದರು. ಒಂದು ರವಿವಾರ ತಾವಾಗಿಯೇ ಚೀಲ ಹಿಡಿದು ಬಾಗಿಲಲ್ಲಿ ನಿಂತರು.

“ನಡಿ, ನಾನೂ ಬರ್ತೀನಿ. ನೀ ರೊಕ್ಕಾ ಕೊಡು, ನಾ ತುಂಬತೀನಿ.”

“ಅಲ್ಲಿ ಭಾಳ ಗದ್ದಲ ಇರ್ತೈತ್ರಿ.”

“ಇರಲಿ ಬಿಡು. ನಾ ಏನು ಗದ್ದಲಾ ಕಂಡಿಲ್ಲೇನು?”

ಕೌಂಟರಿನಲ್ಲಿ ಅವರು ಚೀಲವನ್ನು ಹೊಟ್ಟೆಗೆ ಆನಿಸಿಕೊಂಡು ಬಲಗೈಯಿಂದ ಒಂದೊಂದೇ ಪೊಟ್ಟಣ ಹಾಕತೊಡಗಿದರು. ಚೀಲದ ಬಾಯಿ ಮತ್ತೆ ಮತ್ತೆ ಮುಚ್ಚಿಕೊಳ್ಳುತ್ತಿತ್ತು. ರವೆಯ ಪೊಟ್ಟಣ ಜಾರಿ ನೆಲಕ್ಕೆ ಬಿದ್ದು ಒಡೆಯಿತು. ನಾನು ಕೈ ಚಾಚಿದೆ. ಬೇಡ ಎಂದು ಕಣ್ಣಿನಲ್ಲೇ ಗದರಿದರು. ಹಿಂದೆ ನಿಂತಿದ್ದ ದಪ್ಪ ಆಸಾಮಿ ಲೊಚಗುಟ್ಟಿ, “ಜಲ್ದಿ ಕರಾ ನಾ,” ಎಂದು ಅವಸರಪಡಿಸಿದ. ಬಿಲ್ಲಿನ ಹುಡುಗಿ ತಲೆಯೆತ್ತದೆ, “ಭೈಯ್ಯಾ, ದೂಸರಾ ಹಾಥ್ ಭೀ ಚಲಾವೊ,” ಅಂದಳು. ಇನ್ನೊಂದು ಕೈಗೂ ಕೆಲಸ ಕೊಡಿ ಎಂದು.

ಅವರು ಕೈಯಲ್ಲಿದ್ದ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟರು. ಆಮೇಲೆ ಎಡಗೈಯನ್ನು ಜೇಬಿನಿಂದ ತೆಗೆದು, ಹೆಬ್ಬೆರಳು ಕಿರುಬೆರಳುಗಳಿಂದ ಚೀಲದ ಬಾಯಿಯನ್ನು ಅಗಲಿಸಿ ಹಿಡಿದರು.

ಹುಡುಗಿ ನೋಡಿದಳು. ಯಂತ್ರದ ಸದ್ದು ನಿಂತಿತು. “ಸಾರಿ ಭೈಯ್ಯಾ,” ಎಂದು ತೊದಲಿದಳು. ಆ ದಪ್ಪ ಆಸಾಮಿ, ತಾನೇ ತುಂಬಿಕೊಡುತ್ತೇನೆಂದು ಮುಂದೆ ಬಂದು ನಮ್ಮ ಎಣ್ಣೆಯ ಡಬ್ಬಿಗೆ ಕೈ ಹಾಕಿದ. ನನ್ನ ಮೈಯೆಲ್ಲ ಉರಿದುಹೋಯಿತು.

“ಮುಟ್ಟಬೇಡಿ,” ಎಂದೆ ಹಿಂದಿಯಲ್ಲಿ. “ಈ ಕೈ ಕಾಣುವ ಮೊದಲೂ ಇವರಿಗೆ ಹೊತ್ತು ಬೇಕಾಗಿತ್ತು. ಆಗ ಯಾಕೆ ಕೊಡಲಿಲ್ಲ? ಬೆರಳು ಹೋದವರಿಗೆ ಮಾತ್ರ ಇಲ್ಲಿ ಮರ್ಯಾದೆಯೇ?”

ಟೈ ಕಟ್ಟಿದ ಮೇಲ್ವಿಚಾರಕ ಓಡಿಬಂದ. ಸಾಲು ನಿಲ್ಲಿಸಬೇಡಿ ಮೇಡಂ, ಪಕ್ಕಕ್ಕೆ ಹೋಗಿ ತುಂಬಿಕೊಳ್ಳಿ ಎಂದ. ಹುಡುಗಿ ನನಗಷ್ಟೇ ಕೇಳುವ ಹಾಗೆ, ಸಾಲು ನಿಂತರೆ ಇವರು ನನ್ನನ್ನು ಬೈಯುತ್ತಾರೆ ಎಂದಳು. ಅವಳ ಮೇಲಿದ್ದ ನನ್ನ ಸಿಟ್ಟೆಲ್ಲ ಅವನ ಕಡೆ ತಿರುಗಿತು.

“ಪಕ್ಕ ಅಂದರೆ ಎಲ್ಲಿ? ತೋರಿಸಿ.”

ಅವನು ಸುತ್ತ ನೋಡಿದ. ಕೌಂಟರಿಗೂ ಬಾಗಿಲಿಗೂ ನಡುವೆ ಖಾಲಿ ಟ್ರಾಲಿಗಳನ್ನು ಒತ್ತಿ ನಿಲ್ಲಿಸಿದ್ದರು.

“ಇಷ್ಟು ದೊಡ್ಡ ಅಂಗಡಿಯಲ್ಲಿ ಒಂದು ಮೇಜು ಹಾಕಲು ಜಾಗವಿಲ್ಲವೇ?”

ಮೇಲಿನವರಿಗೆ ಹೇಳಿ ನೋಡುತ್ತೇನೆ ಎಂದು ಗೊಣಗಿ ಬೇರೆ ಸಾಲಿನ ಕಡೆ ಹೊರಟುಹೋದ. ಇಷ್ಟೆಲ್ಲ ನಡೆಯುವಾಗ ನನ್ನ ಗಂಡ ಅಕ್ಕಿಯನ್ನು ತಳಕ್ಕೆ ಹಾಕಿ, ಅದರ ಮೇಲೆ ಬೇಳೆ, ಬಿಸ್ಕತ್ತನ್ನು ಎಲ್ಲಕ್ಕಿಂತ ಮೇಲಿಟ್ಟು, ಚೀಲದ ಹಿಡಿಕೆ ಎಳೆದು ನೋಡಿದರು. “ಆತು, ನಡಿ,” ಎಂದರು.

ಆಟೋದಲ್ಲಿ ಕೂತ ಮೇಲೆ ಅವರು ಕೇಳಿದರು.

“ಅಷ್ಟ್ಯಾಕ ಒದರಿದಿ?”

“ಮತ್ತ ಸುಮ್ಮನ ನಿಂದ್ರಬೇಕಾಗಿತ್ತೇನ್ರಿ?”

“ನನಗೂ ಸಿಟ್ಟು ಬಂದಿತ್ತು. ಅದಕ್ಕ ಸಾವಕಾಶ ತುಂಬಿದೆ.”

ಮುಂದಿನ ತಿಂಗಳೂ ಅವರೇ ಬಂದರು. ಮೇಜು ಹಾಕಿರಲಿಲ್ಲ, ಕೊನೆಗೂ ಹಾಕಲಿಲ್ಲ. ಅವರು ಮೊದಲು ಚೀಲ ಬಿಚ್ಚಿ ಕಟ್ಟೆಯ ಮೇಲೆ ನಿಲ್ಲಿಸಿ, ಎರಡೂ ಕೈಯಿಂದ ಅದರ ಬಾಯಿ ಅಗಲಿಸಿಕೊಂಡು, ಆಮೇಲೆ ಹುಡುಗಿಗೆ “ಅಬ್ ಶುರು ಕರೋ,” ಈಗ ಶುರುಮಾಡು, ಎಂದರು. ಹಿಂದೆ ಯಾರೋ ಗೊಣಗಿದರು. ನಾನು ತಿರುಗಿ, ಜಗಳಕ್ಕೆ ಸಿದ್ಧಳಾಗಿಯೇ, ಗೊಣಗಿದವರ ಮುಖ ನೋಡುತ್ತ ನಿಂತೆ.